ಹೆಡರ್ ಸಿಗದಿದ್ದಾಗ: ಡೆವ್ ಪ್ಯಾಕೇಜ್, ಸಿಪಾತ್, ಪಿಕೆಜಿ-ಕಾನ್ಫಿಗ್, ಸೋರ್ಸ್ ಬಿಲ್ಡ್

ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಂ ಕಟ್ಟುತ್ತಿದ್ದೀರಿ. ಲೈಬ್ರರಿ ಸಿಸ್ಟಮ್‌ನಲ್ಲೇ ಇದೆ, ಆದರೂ ಕಂಪೈಲರ್ ‘ಜಿಲಿಬ್.ಎಚ್ ಇಲ್ಲ’ ಎಂದು ನಿಲ್ಲುತ್ತದೆ. ಇದು ಜಿಲಿಬ್ ಎಂಬ ಸಿ ಲೈಬ್ರರಿಯ ಹೆಡರ್, ಅಂದರೆ ಅದರ ಫಂಕ್ಷನ್‌ಗಳ ವಿವರವನ್ನು ಕಂಪೈಲರ್‌ಗೆ ತಿಳಿಸುವ ಫೈಲ್. ಪರಿಹಾರಗಳನ್ನು ಒರೆಗೆ ಹಚ್ಚಲು ಜಿಲಿಬ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಮೊದಲ ದಾರಿ, ಡೆವ್ ಪ್ಯಾಕೇಜ್. ಮಾಮೂಲಿ ಪ್ಯಾಕೇಜಿನಲ್ಲಿ ಪ್ರೋಗ್ರಾಂ ಓಡಲು ಬೇಕಾದ ಫೈಲುಗಳಷ್ಟೇ ಇರುತ್ತವೆ. ಹೆಡರ್‌ಗಳು ಡೆಬಿಯನ್, ಉಬುಂಟುಗಳಲ್ಲಿ ‘-ಡೆವ್’, ಫೆಡೋರಾದಲ್ಲಿ ‘-ಡೆವೆಲ್’ ಎಂದು ಕೊನೆಯಾಗುವ ಪ್ಯಾಕೇಜಿನಲ್ಲಿರುತ್ತವೆ. ಹೆಸರು ಊಹಿಸುತ್ತ ಕೂರುವುದು ಬೇಡ: ಡೆಬಿಯನ್, ಉಬುಂಟುಗಳಲ್ಲಿ ಎಪಿಟಿ-ಫೈಲ್ ಎಂಬ ಟೂಲ್ ಹಾಕಿಕೊಂಡು ಅದರ ಪಟ್ಟಿ ಅಪ್‌ಡೇಟ್ ಮಾಡಿ, ಹೆಡರ್ ಹೆಸರನ್ನೇ ಹುಡುಕಿ. ಫೆಡೋರಾದಲ್ಲಿ ಆ ಕೆಲಸಕ್ಕೆ ‘ಡಿಎನ್‌ಎಫ್ ಪ್ರೊವೈಡ್ಸ್’ ಇದೆ. ಜ಼ಡ್‌ಲಿಬ್‌ನಂಥ ಲೈಬ್ರರಿಗಳಿಗೆ ಇಷ್ಟೇ ಸಾಕು.

ಜಿಲಿಬ್‌ಗೆ ಸಾಲದು. ಅದರ ಹೆಡರ್ ಇರುವುದು ಇನ್‌ಕ್ಲೂಡ್ ಡೈರೆಕ್ಟರಿಯೊಳಗಿನ ‘ಜಿಲಿಬ್-2.0’ ಎಂಬ ಉಪಡೈರೆಕ್ಟರಿಯಲ್ಲಿ. ಕಂಪೈಲರ್ ತಾನಾಗಿ ಅಲ್ಲಿ ಇಣುಕುವುದಿಲ್ಲ.

ಎರಡನೆಯ ದಾರಿ, ಸಿಪಾತ್: ಹೆಡರ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಕಂಪೈಲರ್‌ಗೆ ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್. ಆ ಡೈರೆಕ್ಟರಿಯನ್ನು ಇದಕ್ಕೆ ಸೇರಿಸಿದರೆ ಎರರ್ ಬದಲಾಗುತ್ತದೆ, ಹೋಗುವುದಿಲ್ಲ: ಈಗ ‘ಜಿಲಿಬ್‌ಕಾನ್ಫಿಗ್.ಎಚ್’ ಕಾಣೆ. ಈ ಫೈಲ್ ಪ್ರೊಸೆಸರ್‌ಗೆ ತಕ್ಕಂತೆ ಬೇರೆಯಾಗುವುದರಿಂದ ‘ಲಿಬ್’ ಕಡೆ ಇಟ್ಟಿರುತ್ತಾರೆ. ಸಿಪಾತ್‌ನಲ್ಲಿ ಇನ್ನೊಂದು ಬಲೆಯಿದೆ. ಹೊಸ ಡೈರೆಕ್ಟರಿಯ ಮುಂದೆ ಕೋಲನ್ ಹಾಕಿ ಹಳೆಯ ಸಿಪಾತ್ ಸೇರಿಸುವ ಅಭ್ಯಾಸದಲ್ಲಿ, ಹಳೆಯದು ಖಾಲಿಯಿದ್ದು ಕೊನೆಗೊಂದು ಕೋಲನ್ ಉಳಿದರೆ, ಜಿಸಿಸಿ ಕಂಪೈಲರ್ ಅದನ್ನು ‘ಈಗಿರುವ ಡೈರೆಕ್ಟರಿ’ ಎಂದೇ ಓದುತ್ತದೆ. ಅಲ್ಲಿ ಅದೇ ಹೆಸರಿನ ಬೇರೆ ಫೈಲ್ ಇದ್ದರೆ ತಲೆಬುಡವಿಲ್ಲದ ಎರರ್‌ಗಳ ಸಾಲು ಶುರು. ಹಾಗಾಗಿ ಸಿಪಾತ್ ಪತ್ತೆಗೆ ಸರಿ, ಕಾಯಂ ಪರಿಹಾರಕ್ಕಲ್ಲ.

ಮೂರನೆಯದು ಪಿಕೆಜಿ-ಕಾನ್ಫಿಗ್, ಲೈಬ್ರರಿಗೆ ಬೇಕಾದ ಕಂಪೈಲರ್ ಆಯ್ಕೆಗಳನ್ನು ಹೇಳುವ ಟೂಲ್. ಅದಕ್ಕೆ ‘ಸಿಫ್ಲಾಗ್ಸ್’ ಕೇಳಿದರೆ ಎರಡೂ ಡೈರೆಕ್ಟರಿಗಳು ಒಟ್ಟಿಗೆ ಬರುತ್ತವೆ. ನನ್ನ ಮತ ಇದಕ್ಕೇ. ಆದರೆ ಅದು ನಂಬುವುದು ಲೈಬ್ರರಿಯ ಡೈರೆಕ್ಟರಿಗಳನ್ನು ಬರೆದಿಟ್ಟ ‘.ಪಿಸಿ’ ಫೈಲನ್ನು. ಲೈಬ್ರರಿಯನ್ನು ಬೇರೆ ಪ್ರಿಫಿಕ್ಸ್‌ಗೆ (ಮೂಲ ಡೈರೆಕ್ಟರಿಗೆ) ಇನ್‌ಸ್ಟಾಲ್ ಮಾಡಿದ್ದರೆ ಆ ಫೈಲ್ ಇರುವ ಡೈರೆಕ್ಟರಿಯನ್ನು ‘ಪಿಕೆಜಿ ಕಾನ್ಫಿಗ್ ಪಾತ್’ ವೇರಿಯಬಲ್‌ಗೆ ನೀವೇ ಕೊಡಬೇಕು.

ಸೋರ್ಸ್‌ನಿಂದ ಕಟ್ಟುವುದು ಡಿಸ್ಟ್ರೋದಲ್ಲಿರುವ ಆವೃತ್ತಿ ತೀರ ಹಳೆಯದಾದಾಗ ಮಾತ್ರ. ಹೊಸ ಹೆಡರ್ ಸಿಕ್ಕಿ, ಲಿಂಕರ್ (ಲೈಬ್ರರಿಯನ್ನು ಪ್ರೋಗ್ರಾಂಗೆ ಜೋಡಿಸುವ ಟೂಲ್) ಹಳೆಯ ಲೈಬ್ರರಿಯನ್ನೇ ಹಿಡಿದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎರರ್ ಬರಬಹುದು. ಹೆಡರ್‌ಗಳನ್ನು ಸಿಸ್ಟಮ್ ಡೈರೆಕ್ಟರಿಗೆ ಕಾಪಿ ಮಾಡುವುದಂತೂ ಬೇಡವೇ ಬೇಡ. ಪ್ಯಾಕೇಜ್ ಅಪ್‌ಗ್ರೇಡ್ ಆದರೂ ಆ ಹಳೆಯ ಪ್ರತಿ ಅಲ್ಲೇ ಕೂತಿರುತ್ತದೆ.

ಕಾಣೆಯಾದ ಹೆಡರ್ ಪ್ರಾಜೆಕ್ಟಿನದೇ ಆಗಿದ್ದರೆ ಇವು ಯಾವುವೂ ಉಪಯೋಗಕ್ಕಿಲ್ಲ. ‘ಕಾನ್ಫಿಗ್.ಎಚ್’ ಇಲ್ಲವೆಂದರೆ ಕಾನ್ಫಿಗರ್ ಹಂತ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಥರ್ಡ್-ಪಾರ್ಟಿ ಫೋಲ್ಡರ್ ಖಾಲಿಯಿದ್ದರೆ ಗಿಟ್ ಸಬ್‌ಮಾಡ್ಯೂಲ್ (ಪ್ರಾಜೆಕ್ಟಿನೊಳಗೆ ಸೇರಿಸಿದ ಬೇರೆ ರೆಪೊಸಿಟರಿ) ಇಳಿಸಿಕೊಂಡಿರಲಿಕ್ಕಿಲ್ಲ. ದಾರಿ ಸರಿಪಡಿಸಿದ ಮೇಲೂ ಸಿಮೇಕ್ ಎಂಬ ಬಿಲ್ಡ್ ಟೂಲ್ ಹಳೆಯದನ್ನೇ ಹಿಡಿದು ಕೂತರೆ ಕ್ಯಾಶ್ ಫೈಲ್ ಅಳಿಸಿ, ಖಾಲಿ ಬಿಲ್ಡ್ ಫೋಲ್ಡರ್‌ನಿಂದ ಮತ್ತೆ ಶುರುಮಾಡಿ.