ಸ್ಮೋಕ್ ಅಲಾರಂ, ಎಬಿಸಿ ಸಿಲಿಂಡರ್, ಫೈರ್ ಬ್ಲಾಂಕೆಟ್: ವರ್ಷವಿಡೀ ಯಾವುದನ್ನು ಎಷ್ಟು ನೆಚ್ಚಬಹುದು?

ಮನೆಗೆಂದು ಮಾರುವ ಬೆಂಕಿ ಸುರಕ್ಷತಾ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ: ಹೊಗೆ ಕಂಡರೆ ಕೂಗುವ ಸ್ಮೋಕ್ ಅಲಾರಂ, ಬೆಂಕಿ ಆರಿಸುವ ಪುಡಿ ತುಂಬಿದ ಎಬಿಸಿ ಸಿಲಿಂಡರ್ (ಎಬಿಸಿ ಎಂದರೆ ಕಟ್ಟಿಗೆ–ಬಟ್ಟೆ, ಪೆಟ್ರೋಲಿನಂಥ ದ್ರವ, ಗ್ಯಾಸ್ ಈ ಮೂರು ಬಗೆಯ ಬೆಂಕಿ), ಬೆಂಕಿಯ ಮೇಲೆ ಹೊದಿಸುವ ಫೈರ್ ಬ್ಲಾಂಕೆಟ್. ಬಹಳಷ್ಟು ಜನ ಕೆಂಪು ಸಿಲಿಂಡರ್ ಒಂದನ್ನೇ ತಂದು ಒಲೆಯ ಪಕ್ಕ ನಿಲ್ಲಿಸಿ ಅಲ್ಲಿಗೆ ಬಿಟ್ಟುಬಿಡುತ್ತಾರೆ. ಒಂದನ್ನು ಮಾತ್ರ ಕೊಳ್ಳುವುದಾದರೆ ನಮ್ಮ ಆಯ್ಕೆ ಅಲಾರಂ. ಸಿಲಿಂಡರ್ ಕೆಲಸ ಮಾಡಬೇಕಾದರೆ ಯಾರಾದರೂ ಎದ್ದಿರಬೇಕು. ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಎಂದು ನಂಬಿ ಮಲಗುವಂತಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮಂಪರನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಅಲಾರಂನಲ್ಲಿ ಎರಡು ಜಾತಿ: ಬೆಳಕಿನಿಂದ ಹೊಗೆ ಹಿಡಿಯುವ ಫೋಟೋಎಲೆಕ್ಟ್ರಿಕ್, ವಿದ್ಯುದಾವೇಶವಿರುವ ಗಾಳಿಯ ಕಣಗಳಿಂದ ಹಿಡಿಯುವ ಅಯೊನೈಸೇಶನ್. ಮನೆಗೆ ಮೊದಲನೆಯದೇ ಸರಿ. ಹಾಸಿಗೆ, ಸೋಫಾ, ವೈರಿನ ಪ್ಲಾಸ್ಟಿಕ್ ಹಲವು ಸಲ ಮೊದಲು ಉರಿಯುವುದಿಲ್ಲ, ಹೊಗೆಯಾಡುತ್ತವೆ. ಅಂಥ ದಟ್ಟ ಹೊಗೆಯನ್ನು ಫೋಟೋಎಲೆಕ್ಟ್ರಿಕ್ ಬೇಗ ಹಿಡಿಯುತ್ತದೆ. ಮುಚ್ಚಳದ ಒಳಗೆ ಒಂದು ಕಪ್ಪು ಗೂಡಿದೆ. ಒಂದು ಬದಿಯಿಂದ ಎಲ್‌ಇಡಿ ಬೆಳಕು ಬಿಡುತ್ತದೆ, ಓರೆಯಾಗಿ ಕೂತ ಸೆನ್ಸರ್‌ಗೆ ಅದು ನೇರವಾಗಿ ತಾಗುವುದಿಲ್ಲ. ಹೊಗೆಯ ಕಣಗಳು ಒಳಗೆ ಬಂದಾಗ ಬೆಳಕು ಚದುರಿ ಸೆನ್ಸರ್‌ಗೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಇದರ ದೌರ್ಬಲ್ಯವೂ ಇಲ್ಲೇ ಇದೆ. ಬೇಸಿಗೆಯ ಧೂಳು, ಮಳೆಗಾಲದ ಸಣ್ಣ ಹುಳು, ಗೂಡಿನೊಳಗೆ ಬಲೆ ಕಟ್ಟಿದ ಜೇಡ, ಸ್ನಾನದ ಮನೆಯ ಹಬೆ, ಎಲ್ಲವೂ ಬೆಳಕನ್ನು ಚದುರಿಸುತ್ತವೆ. ನಾಲ್ಕು ಸಲ ಸುಮ್ಮಸುಮ್ಮನೆ ಕೂಗಿದ ಅಲಾರಂನ ಬ್ಯಾಟರಿಯನ್ನು ಯಾರೋ ಕಿತ್ತಿಡುತ್ತಾರೆ. ಅಲ್ಲಿಂದ ಮುಂದೆ ಅದು ಚಾವಣಿಗೆ ಅಂಟಿಸಿದ ಪ್ಲಾಸ್ಟಿಕ್ ತಟ್ಟೆ ಅಷ್ಟೆ. ಆದ್ದರಿಂದ ಋತು ಬದಲಾದಾಗಲೆಲ್ಲ ವ್ಯಾಕ್ಯೂಮ್ ಕ್ಲೀನರಿನ ಮೃದು ಬ್ರಷ್‌ನಿಂದ ಸುತ್ತಲಿನ ಸೀಳುಗಳನ್ನು ಸ್ವಚ್ಛ ಮಾಡಿ. ಒದ್ದೆ ಬಟ್ಟೆ ಬೇಡ. ಗೋಡೆಗೆ ಬಣ್ಣ ಹೊಡೆಸುವಾಗ ಅದರ ಮೇಲೆ ಬಣ್ಣ ಬೀಳದಂತೆ ನೋಡಿಕೊಳ್ಳಿ.

ಜಾಗ ತಪ್ಪಿದರೆ ಒಳ್ಳೆಯ ಅಲಾರಂ ಕೂಡ ದಂಡ. ಚಾವಣಿಯ ನಡುಭಾಗ ಉತ್ತಮ. ಗೋಡೆಗೇ ಹಾಕಬೇಕಾದರೆ ಚಾವಣಿಯಿಂದ 10ರಿಂದ 30 ಸೆಂ.ಮೀ. ಕೆಳಗೆ ಇರಲಿ, ಏಕೆಂದರೆ ಗೋಡೆ–ಚಾವಣಿ ಸೇರುವ ಮೂಲೆಯಲ್ಲಿ ಗಾಳಿ ಅಲುಗದೆ ನಿಂತಿರುತ್ತದೆ, ಹೊಗೆ ಅಲ್ಲಿಗೆ ತಡವಾಗಿ ತಲುಪುತ್ತದೆ. ಒಲೆಯಿಂದ ಮತ್ತು ಸ್ನಾನದ ಮನೆ ಬಾಗಿಲಿನಿಂದ ಕನಿಷ್ಠ 3 ಮೀಟರ್ ದೂರ. ಫ್ಯಾನ್, ಎಸಿಯ ಗಾಳಿ ನೇರವಾಗಿ ಬೀಸುವ ಕಡೆ ಬೇಡ. ಅಡುಗೆಮನೆಯೊಳಗೆ ಶಾಖಕ್ಕೆ ಕೂಗುವ ಹೀಟ್ ಅಲಾರಂ ಹಾಕಿ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ, ಮಲಗುವ ಕೋಣೆಯ ಬಾಗಿಲು ಮುಚ್ಚಿದಾಗಲೂ ಸದ್ದು ಕೇಳುತ್ತದೆಯೇ ನೋಡಿ. ಚಳಿಗಾಲದ ಬೆಳಗಿನ ಜಾವ ಅದು ಚಿಕ್ ಚಿಕ್ ಎನ್ನತೊಡಗಿದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಸೋತ ಬ್ಯಾಟರಿಯ ವೋಲ್ಟೇಜ್ ಚಳಿಗೆ ಇನ್ನಷ್ಟು ಇಳಿಯುತ್ತದೆ, ಬಿಸಿಲೇರಿದಾಗ ಸದ್ದು ನಿಲ್ಲುತ್ತದೆ. ಸದ್ದು ನಿಂತಿತೆಂದು ಬಿಡದೆ ಅದೇ ದಿನ ಬ್ಯಾಟರಿ ಬದಲಿಸಿ.

ಇನ್ನು ಸಿಲಿಂಡರ್. ಮನೆಗೆ 2 ಕೆ.ಜಿ.ಯದು ಸಾಕು, 1 ಕೆ.ಜಿ.ಯದು ಗುರಿ ಹಿಡಿಯುವಷ್ಟರಲ್ಲೇ ಮುಗಿದುಹೋಗುತ್ತದೆ. 2 ಕೆ.ಜಿ.ಯದರಲ್ಲೂ ಸಿಗುವುದು ಹತ್ತು ಸೆಕೆಂಡಿನ ಆಸುಪಾಸು ಮಾತ್ರ. ಬೆನ್ನ ಹಿಂದೆ ಹೊರಗೆ ಹೋಗುವ ಬಾಗಿಲು ಇರುವಂತೆ ನಿಂತು ಪಿನ್ ಎಳೆಯಿರಿ, ಸುಮಾರು 2 ಮೀಟರ್ ದೂರದಿಂದ ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಡಿ, ಹಿಡಿ ಒತ್ತಿ ಅತ್ತಿತ್ತ ಆಡಿಸಿ. ಬೆಂಕಿ ನಿಮ್ಮ ಎತ್ತರಕ್ಕೆ ಬೆಳೆದಿದ್ದರೆ ಪಿನ್ ಎಳೆಯುವ ಯೋಚನೆಯೇ ಬೇಡ, ಬಾಗಿಲು ಎಳೆದುಕೊಂಡು ಹೊರಗೆ ನಡೆಯಿರಿ.

ಇದನ್ನು ತೂಗುಹಾಕಬೇಕಾದದ್ದು ಬಾಗಿಲ ಬಳಿ. ಒಲೆಯ ಪಕ್ಕದಲ್ಲಿದ್ದರೆ ಬೆಂಕಿಯ ಮೇಲೆ ಕೈ ಚಾಚಿ ತೆಗೆಯಬೇಕಾಗುತ್ತದೆ. ಬೇಸಿಗೆಯ ನೇರ ಬಿಸಿಲು ಬೀಳುವ ಬಾಲ್ಕನಿ, ಮಳೆಗಾಲದಲ್ಲಿ ತುಕ್ಕು ಹಿಡಿಸುವ ಒದ್ದೆ ಗೋಡೆ ಎರಡೂ ಬೇಡ. ಒತ್ತಡ ತೋರುವ ಮೀಟರಿನ ಮುಳ್ಳು ಹಸಿರು ಭಾಗದಲ್ಲಿದೆಯೇ, ಸೀಲ್ ಇದೆಯೇ, ಹೋಸ್ ಬಿರುಕು ಬಿಟ್ಟಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಮುಖ್ಯವಾದ ಇನ್ನೊಂದು ಮಾತು: ಪರೀಕ್ಷೆಗೆಂದು ಒಂದೇ ಒಂದು ಸಲ ಹಿಡಿ ಒತ್ತಿದರೂ ವಾಲ್ವಿನ ಸೀಲಿನಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ಮೆಲ್ಲಗೆ ಸೋರಿಹೋಗಬಹುದು. ಒಮ್ಮೆ ಒತ್ತಿದ್ದನ್ನು ರೀಫಿಲ್ ಮಾಡಿಸಲೇಬೇಕು.

ಪುಡಿಗೆ ಮಿತಿಗಳಿವೆ. ಅದು ಜ್ವಾಲೆಯನ್ನು ಅಡಗಿಸುತ್ತದೆ, ಹೆಚ್ಚೇನೂ ತಣ್ಣಗಾಗಿಸುವುದಿಲ್ಲ. ಹತ್ತಿ ಹಾಸಿಗೆಯ ಒಳಗಿನ ಕಿಡಿ ಮತ್ತೆ ಹೊತ್ತಿಕೊಳ್ಳಬಹುದು. ಲಿಥಿಯಂ ಬ್ಯಾಟರಿಯ ಒಳಗಿನ ಕ್ರಿಯೆಯನ್ನು ಅದು ತಡೆಯಲಾರದು. ಬಾಣಲೆಯ ಎಣ್ಣೆಗೆ ಪುಡಿಯ ರಭಸ ಬಡಿದರೆ ಉರಿಯುವ ಎಣ್ಣೆಯೇ ಚಿಮ್ಮುತ್ತದೆ. ನೀರಂತೂ ಇನ್ನೂ ಘೋರ: ಎಣ್ಣೆಯ ತಳ ಸೇರಿದ ನೀರು ಹಬೆಯಾಗುವಾಗ ಸುಮಾರು 1,700 ಪಟ್ಟು ಹಿಗ್ಗಿ ಬೆಂಕಿಯನ್ನು ಚಾವಣಿಗೆ ಎಸೆಯುತ್ತದೆ.

ಬ್ಲಾಂಕೆಟ್ ಇರುವುದು ಈ ಬಾಣಲೆಗಾಗಿಯೇ. 1.2 ಮೀಟರ್ ಚೌಕದ, ಒತ್ತಾಗಿ ನೇಯ್ದ ಗ್ಲಾಸ್ ಫೈಬರ್‌ನದು ತೆಗೆದುಕೊಳ್ಳಿ. ಎರಡು ಪಟ್ಟಿ ಎಳೆದು ಬಿಡಿಸಿ, ಮೇಲಂಚನ್ನು ಕೈಗಳ ಮೇಲೆ ಮಡಚಿ ಬೆರಳು ಮುಚ್ಚಿಕೊಳ್ಳಿ, ನಿಮ್ಮ ಕಡೆಯ ಅಂಚಿನಿಂದ ಆಚೆಗೆ ಹೊದಿಸಿ, ಎಸೆಯಬೇಡಿ. ತಕ್ಷಣ ಒಲೆ ಆರಿಸಿ. ಜನ ತಪ್ಪುವುದು ಇದರ ನಂತರ: ಐದು ನಿಮಿಷಕ್ಕೆ ಅಂಚು ಎತ್ತಿ ಇಣುಕುತ್ತಾರೆ, ಎಣ್ಣೆ ಇನ್ನೂ ಕಾದಿರುತ್ತದೆ, ಗಾಳಿ ಸಿಕ್ಕಿದ್ದೇ ಮತ್ತೆ ಭಗ್ಗೆನ್ನುತ್ತದೆ. ಕನಿಷ್ಠ ಅರ್ಧ ಗಂಟೆ ಮುಟ್ಟಬೇಡಿ. ಒಮ್ಮೆ ಬಳಸಿದ ಬ್ಲಾಂಕೆಟ್ ಬಿಸಾಡಬೇಕು.

ಈ ಮೂರರಲ್ಲಿ ಯಾವುದೂ ಬೆಂಕಿ ಹುಟ್ಟದಂತೆ ಮಾಡುವುದಿಲ್ಲ. ಚಳಿಗೆ ಹಚ್ಚಿದ 2,000 ವಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ಬರೆದದ್ದು ಅದಕ್ಕಿಂತ ಕಡಿಮೆಯಿದ್ದರೆ ವೈರ್ ಕಾಯುತ್ತದೆ, ಸುತ್ತಿಟ್ಟ ವೈರ್ ಇನ್ನೂ ಬೇಗ. ಹೀಟರ್ ನೇರ ಗೋಡೆಯ ಸಾಕೆಟ್‌ಗೆ ಇರಲಿ, ಪರದೆ, ಹಾಸಿಗೆ, ಒಣಹಾಕಿದ ಬಟ್ಟೆಯಿಂದ 1 ಮೀಟರ್ ದೂರ. ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ. ಕೈಗೆ ಸುಡುವಷ್ಟು ಬಿಸಿ, ಪಿನ್ನಿನ ಬುಡದಲ್ಲಿ ಕಂದು ಕಲೆ, ಮೀನಿನಂಥ ಕಮಟು ವಾಸನೆ ಇದ್ದರೆ ಸಾಕೆಟ್ ಸಡಿಲವಾಗಿದೆ, ಬದಲಿಸಿ. ಬೇಸಿಗೆಯಲ್ಲಿ ಎಸಿಯ ಪ್ಲಗ್‌ಗೂ ಇದೇ ಪರೀಕ್ಷೆ.

ಕೊಳ್ಳುವಾಗ ಅಲಾರಂನ ಬೆನ್ನು ತಿರುಗಿಸಿ ತಯಾರಾದ ದಿನಾಂಕ ಓದಿ. ಸೆನ್ಸರಿನ ಆಯುಷ್ಯ 10 ವರ್ಷ, ಲೆಕ್ಕ ಶುರುವಾಗುವುದು ತಯಾರಾದ ದಿನದಿಂದ. ಅಂಗಡಿಯ ಕಪಾಟಿನಲ್ಲಿ ಎರಡು ವರ್ಷ ಕೂತಿದ್ದನ್ನು ಮನೆಗೆ ತಂದರೆ ನಿಮಗೆ ಸಿಗುವುದು ಎಂಟೇ ವರ್ಷ.