ಬಾಯಿ ವಾಸನೆಗೂ ಮಧ್ಯಾಹ್ನದ ಸುಸ್ತಿಗೂ ಮನೆಮದ್ದು: ಯಾವುದು ಎಷ್ಟು ಕೆಲಸಕ್ಕೆ ಬಂತು?

ದಿನವಿಡೀ ಪಾಠ ಮಾಡುವವರಿಗೆ ಬಾಯಿ ಒಣಗುವುದು ತಪ್ಪಿದ್ದಲ್ಲ. ಸಾಲಾಗಿ ಪೀರಿಯಡ್ ಮುಗಿಸಿ, ಸ್ಟಾಫ್ ರೂಮಿನಲ್ಲಿ ಒಂದು ಕಾಫಿ ಕುಡಿದು, ಮತ್ತೆ ತರಗತಿಗೆ ಹೋಗಿ ಮಕ್ಕಳ ನೋಟ್‌ಬುಕ್ ಮೇಲೆ ಬಾಗಿದರೆ ನಮ್ಮ ಉಸಿರು ನೇರ ಅವರ ಮುಖಕ್ಕೆ. ಊಟದ ನಂತರದ ಪೀರಿಯಡ್ಡಿನಲ್ಲಿ ಸುಸ್ತು ಬೇರೆ. ಎರಡಕ್ಕೂ ಮದ್ದು ಹುಡುಕುತ್ತಾ, ಜನ ಹೇಳಿದ್ದನ್ನೆಲ್ಲ ಒಂದೊಂದಾಗಿ ಹಿಡಿದೆ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಒಂದನ್ನು ಬಿಟ್ಟ ಮೇಲೇ ಇನ್ನೊಂದು.

ಗುಣ ಆಗಿದೆಯೋ ಇಲ್ಲವೋ ನೋಡುವುದು ಹೇಗೆ? ಅಂಗೈಗೆ ಊದಿ ಮೂಸಿದರೆ ಏನೂ ತಿಳಿಯುವುದಿಲ್ಲ, ನಮ್ಮ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಮಣಿಕಟ್ಟಿನ ಒಳಭಾಗವನ್ನು ನೆಕ್ಕಿ, ಆರಲು ಬಿಟ್ಟು ಮೂಸಿದರೆ ಸ್ವಲ್ಪ ಅಂದಾಜು ಸಿಗುತ್ತದೆ. ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಮನೆಯವರದೇ. ನನಗೆ ಅಕ್ಕ ಇದ್ದಾಳೆ, "ಇವತ್ತು ಪರವಾಗಿಲ್ಲ ಕಣೇ" ಅಂತಲೋ "ಉಹ್ಞೂಂ, ದೂರ ನಿಂತು ಮಾತಾಡು" ಅಂತಲೋ ಮುಚ್ಚುಮರೆ ಇಲ್ಲದೆ ಹೇಳುತ್ತಾಳೆ.

ಹೊಟ್ಟೆ ಸರಿಯಿಲ್ಲದಿದ್ದರೆ ಬಾಯಿ ವಾಸನೆ ಬರುತ್ತದೆ ಎಂದು ನಮ್ಮಲ್ಲಿ ಬಲವಾದ ನಂಬಿಕೆ ಇದೆ. ಜೀರಿಗೆ ಕಷಾಯ ಮೊದಲು ಬರುವುದೇ ಅದಕ್ಕೆ. ಆದರೆ ಬಹುಪಾಲು ಜನರಲ್ಲಿ ವಾಸನೆ ಹುಟ್ಟುವುದು ಬಾಯಲ್ಲೇ. ನಾಲಿಗೆಯ ಹಿಂಭಾಗದಲ್ಲಿ, ಹಲ್ಲಿನ ಸಂದಿಯಲ್ಲಿ ಗಾಳಿ ತಾಗದೆ ಬದುಕುವ ಬ್ಯಾಕ್ಟೀರಿಯಾಗಳಿವೆ. ಅವು ಆಹಾರದ ಚೂರು, ಉದುರಿದ ಜೀವಕೋಶಗಳಲ್ಲಿರುವ ಪ್ರೋಟೀನನ್ನು ಒಡೆದು ಹೈಡ್ರೋಜನ್ ಸಲ್ಫೈಡ್‌ನಂಥ ಗಂಧಕದ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯೂ ಅದೇ ಅನಿಲದ್ದು. ಬಾಯಲ್ಲಿ ಎಂಜಲು ಊರುತ್ತಿದ್ದರೆ ಇದೆಲ್ಲ ತೊಳೆದುಹೋಗುತ್ತದೆ. ನಿದ್ದೆಯಲ್ಲಿ ಅದು ಕಡಿಮೆ, ಅದಕ್ಕೇ ಬೆಳಗಿನ ಬಾಯಿ ಅಷ್ಟು ಕೆಟ್ಟದಾಗಿರುವುದು.

ಇಷ್ಟು ತಿಳಿದ ಮೇಲೆ ಆಯಿಲ್ ಪುಲ್ಲಿಂಗ್ ಮತ್ತು ಟಂಗ್ ಕ್ಲೀನರ್ ನಡುವೆಯೇ ನಿಜವಾದ ಸ್ಪರ್ಧೆ ಎನಿಸಿತು. ಎರಡೂ ಆಯುರ್ವೇದದ ದಿನಚರಿಯಲ್ಲಿ ಇರುವಂಥವೇ: ಎಣ್ಣೆ ಮುಕ್ಕಳಿಸುವುದಕ್ಕೆ ಕವಲ, ಬಾಯಿತುಂಬ ತುಂಬಿಕೊಂಡು ಅಲುಗಾಡಿಸದೆ ಇರುವುದಕ್ಕೆ ಗಂಡೂಷ, ನಾಲಿಗೆ ಕೆರೆಯುವುದಕ್ಕೆ ಜಿಹ್ವಾ ನಿರ್ಲೇಖನ ಎನ್ನುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಚಮಚ ಎಳ್ಳೆಣ್ಣೆ, ಹತ್ತು ಹದಿನೈದು ನಿಮಿಷ. ಮೊದಲು ಮಂದವಾಗಿರುವ ಎಣ್ಣೆ ಎಂಜಲು ಬೆರೆತು ತೆಳ್ಳಗೆ, ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಉಗಿದ ಮೇಲೆ ಬಾಯಿ ನಿಜವಾಗಿಯೂ ಹಗುರ, ಒಸಡು ನುಣುಪು. ಕೊಬ್ಬರಿ ಎಣ್ಣೆ ರುಚಿಗೆ ಹಿತ, ಆದರೆ ಚಳಿಗಾಲದಲ್ಲಿ ಗಟ್ಟಿಯಾಗುವುದರಿಂದ ಸಿಂಕಿಗೆ ಉಗಿಯಬಾರದು, ಪೈಪು ಕಟ್ಟಿಕೊಳ್ಳುತ್ತದೆ. ತೊಂದರೆ ಇರುವುದು ಸಮಯದ್ದು. ಬೆಳಗಿನ ಆ ಹೊತ್ತಿನಲ್ಲಿ ತಿಂಡಿ ಮಾಡಬೇಕು, ಡಬ್ಬಿ ಕಟ್ಟಬೇಕು, ಬಾಯಿ ಬಿಡದೆ ಅಷ್ಟು ಹೊತ್ತು ಇರಲು ಹೇಗಾದೀತು? ಪರಿಣಾಮವೂ ಹತ್ತು ಗಂಟೆಯ ಹೊತ್ತಿಗೆ ಮಾಯ.

ಟಂಗ್ ಕ್ಲೀನರ್ ಅರ್ಧ ನಿಮಿಷದ ಕೆಲಸ. ನಾಲಿಗೆಯನ್ನು ಚೆನ್ನಾಗಿ ಚಾಚಿ, ಪಟ್ಟಿಯನ್ನು ಆದಷ್ಟು ಹಿಂದಕ್ಕಿಟ್ಟು ಮೆತ್ತಗೆ ಮುಂದಕ್ಕೆ ಎಳೆಯಬೇಕು, ಪ್ರತಿ ಸಲ ತೊಳೆಯಬೇಕು. ಮೊದಲ ಎಳೆತಕ್ಕೆ ಹಳದಿ ಮಿಶ್ರಿತ ಬಿಳಿ ಲೋಳೆ ಬರುತ್ತದೆ, ಅದನ್ನು ಮೂಸಿ ನೋಡಿದರೆ ವಾಸನೆ ಎಲ್ಲಿಂದ ಬರುತ್ತಿತ್ತೆಂದು ಬೇರೆ ಯಾರೂ ಹೇಳಬೇಕಿಲ್ಲ. ವಾಕರಿಕೆ ಬರುವವರು ಉಸಿರು ಹೊರಗೆ ಬಿಡುತ್ತಾ ಎಳೆದರೆ ಸುಲಭ. ತಾಮ್ರದ್ದು ಚಂದ, ಆದರೆ ಕಪ್ಪಾಗುತ್ತದೆ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿರಬೇಕು. ಸ್ಟೀಲಿನದಕ್ಕೆ ಆ ಗೋಜಿಲ್ಲ. ರಾತ್ರಿಯೂ ಕೆರೆದು ಮಲಗತೊಡಗಿದ ಮೇಲೆ ಅಕ್ಕನ "ಉಹ್ಞೂಂ" ಅಪರೂಪವಾಯಿತು. ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ, ಜೊತೆಗೆ ಹಲ್ಲಿನ ಸಂದಿಗೆ ಫ್ಲಾಸ್ ದಾರ. ಎಣ್ಣೆ ಭಾನುವಾರಕ್ಕಿರಲಿ.

ಬೇವಿನ ಕಡ್ಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಗಿದಾಗ ಎಂಜಲು ಊರುತ್ತದೆ, ಕಹಿಯ ನಂತರ ಬಾಯಿ ಶುಚಿ ಎನಿಸುತ್ತದೆ. ಒರಟಾಗಿ ಉಜ್ಜಿದರೆ ಒಸಡು ಗೀರುತ್ತದೆ, ಒಳಗಿನ ಹಲ್ಲುಗಳಿಗೆ ಸರಿಯಾಗಿ ತಲುಪುವುದೂ ಇಲ್ಲ.

ಊಟದ ನಂತರಕ್ಕೆ ಸೋಂಪು, ಲವಂಗ, ಏಲಕ್ಕಿ ಒಂದು ಕಡೆ, ಮೌತ್‌ವಾಶ್ ಇನ್ನೊಂದು ಕಡೆ. ಎರಡೂ ವಾಸನೆಯನ್ನು ಮುಚ್ಚುವುದೇ ಹೆಚ್ಚು. ಆದರೂ ನನ್ನ ಮತ ಸೋಂಪಿಗೆ, ಏಕೆಂದರೆ ಜಗಿಯುವಾಗ ಬಾಯಿ ಒದ್ದೆಯಾಗುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಾಯಿಯನ್ನು ಒಣಗಿಸುತ್ತದೆ. ಕ್ಲೋರ್‌ಹೆಕ್ಸಿಡೀನ್ ಇರುವುದನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಬೇಕು, ಹೆಚ್ಚಾದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಸಕ್ಕರೆ ಲೇಪದ ಬಣ್ಣಬಣ್ಣದ ಸೋಂಪು ಬೇಡ, ಆ ಸಕ್ಕರೆ ಹುಳುಕಿಗೆ ಆಹಾರ. ಬೆಳ್ಳುಳ್ಳಿ ತಿಂದ ದಿನ ಇವು ಯಾವುದೂ ಪೂರ್ತಿ ಕೈಹಿಡಿಯುವುದಿಲ್ಲ. ಅದರ ಗಂಧಕದ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬರುತ್ತದೆ. ಅದೇ ಊಟದಲ್ಲಿ ಹಾಲು ಅಥವಾ ಮೊಸರು ಇದ್ದರೆ ಸ್ವಲ್ಪ ತಗ್ಗುತ್ತದೆ.

ಇನ್ನು ಸುಸ್ತು. ಇದರಲ್ಲಿ ಕಾಫಿಗೂ ಅಂಬಲಿಗೂ ಪೈಪೋಟಿ. ಕಾಫಿ ಶಕ್ತಿ ಕೊಡುವುದಿಲ್ಲ, ದಣಿವಿನ ಸೂಚನೆ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ ಅಷ್ಟೆ. ಸಂಜೆ ನಾಲ್ಕಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ ರಾತ್ರಿ ಒಂಬತ್ತಕ್ಕೂ ಮೈಯಲ್ಲಿರುತ್ತದೆ. ನಿದ್ದೆ ಕೆಡುತ್ತದೆ, ಮರುದಿನ ಇನ್ನಷ್ಟು ಸುಸ್ತು. ಬಾಯಿ ವಾಸನೆಗೂ ಸುಸ್ತಿಗೂ ನಂಟು ಇದೆ ಅನಿಸಿದ್ದು ಇಲ್ಲೇ: ತಿಂಡಿ ಬಿಟ್ಟು ಕಾಫಿಯ ಮೇಲೆ ಮಧ್ಯಾಹ್ನದವರೆಗೆ ದೂಡಿದ ದಿನಗಳಲ್ಲಿ ಬಾಯಿ ಒಣಗಿ ನಾರುತ್ತಿತ್ತು, ಕಾಲಲ್ಲಿ ಕಸುವೂ ಇರುತ್ತಿರಲಿಲ್ಲ.

ಹಿಂದಿನ ರಾತ್ರಿ ಬೇಯಿಸಿಟ್ಟ ರಾಗಿ ಅಂಬಲಿಗೆ ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಕೊತ್ತಂಬರಿ ಬೆರೆಸಿ ದೊಡ್ಡ ಲೋಟ ಕುಡಿದರೆ ಮಧ್ಯಾಹ್ನದವರೆಗೂ ಹಸಿವು ಕಾಡುವುದಿಲ್ಲ, ನೀರಿನಂಶವೂ ಒಳಗೆ ಹೋಗುತ್ತದೆ. ಕಾಫಿಯಂತೆ ಥಟ್ಟನೆ ಚುರುಕು ಬರುವುದಿಲ್ಲ ನಿಜ. ಆದರೆ ಊಟದ ನಂತರದ ಪೀರಿಯಡ್ಡಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯವರು ಎಚ್ಚರದಿಂದ ಕುಡಿಯಬೇಕು, ರಾಗಿ ಎಂದ ಮಾತ್ರಕ್ಕೆ ಸಕ್ಕರೆ ಏರುವುದಿಲ್ಲ ಎಂದೇನಿಲ್ಲ. ಮೇಜಿನ ಮೇಲೊಂದು ನೀರಿನ ಬಾಟಲಿ, ಪ್ರತಿ ಪೀರಿಯಡ್ ನಡುವೆ ಎರಡು ಗುಟುಕು: ಖರ್ಚಿಲ್ಲದ ಈ ಅಭ್ಯಾಸ ಬಾಯಿಗೂ ಮೈಗೂ ಮೌತ್‌ವಾಶ್ ಬಾಟಲಿಗಿಂತ ಹೆಚ್ಚು ಉಪಕಾರ ಮಾಡಿತು.

ಮನೆಮದ್ದಿಗೆ ಬಗ್ಗದ ಕಾರಣಗಳೂ ಇವೆ. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದರೆ, ಗಂಟಲಿನಿಂದ ಬಿಳಿ ಗಟ್ಟಿ ಚೂರುಗಳು ಬಂದರೆ, ದಂತವೈದ್ಯರನ್ನೋ ಇಎನ್‌ಟಿ ವೈದ್ಯರನ್ನೋ ಕಾಣಬೇಕು. ಸಕ್ಕರೆ ಕಾಯಿಲೆಯವರ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಬಂದು, ವಾಂತಿ, ವಿಪರೀತ ದಾಹ ಜೊತೆಗಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಸುಸ್ತಿಗೂ ಅಷ್ಟೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57% ಜನಕ್ಕೆ ರಕ್ತಹೀನತೆ. ಹಾಗಾಗಿ ಅಂಬಲಿಗೆ ಮೊದಲೇ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿಕೊಳ್ಳಿ. ಕಬ್ಬಿಣದ ಕೊರತೆ ಇದ್ದವರು ವೈದ್ಯರು ಕೊಟ್ಟ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಅದರಲ್ಲಿರುವ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.