33 ಸೀಟಿನ ಬಸ್ಸು, 90 ಕಿಲೋಮೀಟರ್ ದಂಡ

ಅಣ್ಣನ ಮಗನ ಮದುವೆ ಮುಗಿಸಿ ಮನೆಯವರೆಲ್ಲ ಕುಕ್ಕೆ, ಧರ್ಮಸ್ಥಳಕ್ಕೆ ಹೊರಟೆವು. ಮೈಸೂರಿನ ಒಂದು ಟ್ರಾವೆಲ್ಸ್‌ನಲ್ಲಿ 33 ಸೀಟಿನ ನಾನ್ ಎಸಿ ಬಸ್ಸು ಹಿಡಿದೆ. ಇದ್ದದ್ದು 24 ಜನ. ಆದರೆ ಮೇ ತಿಂಗಳು, ಮದುವೆ ಸೀಸನ್ನು, ಚಿಕ್ಕ ಗಾಡಿ ಒಂದೂ ಖಾಲಿ ಇರಲಿಲ್ಲ.

ಕಿಲೋಮೀಟರಿಗೆ 36 ರೂಪಾಯಿ ಅಂದಾಗ ಅಗ್ಗ ಅನ್ನಿಸಿತು. ಬಿಲ್ಲು ಬಂದಾಗ ಗೊತ್ತಾಯ್ತು, ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಲೆಕ್ಕವಂತೆ. ಎರಡು ದಿನದಲ್ಲಿ ಓಡಿದ್ದು 510, ದುಡ್ಡು ಕೊಟ್ಟಿದ್ದು 600ಕ್ಕೆ. ಆ 510 ಕೂಡ ನಮ್ಮ ಮನೆಯಿಂದ ಅಲ್ಲ, ಅವರ ಶೆಡ್ಡಿನಿಂದ ಶೆಡ್ಡಿಗೆ! ಬುಕಿಂಗ್ ಮಾಡುವಾಗಲೇ ಹೇಳಬಹುದಿತ್ತು, ಅಲ್ವಾ?

ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ ಬೇರೆ. ಬಾಟಾ ಕೊಡಲು ನನಗೇನೂ ಬೇಜಾರಿಲ್ಲ. ಶಿರಾಡಿ ಘಾಟಿಯಲ್ಲಿ ಜೋರು ಮಳೆ. ಆ ಪುಣ್ಯಾತ್ಮ ಎಷ್ಟು ನಿಧಾನವಾಗಿ ಇಳಿಸಿದರು ಅಂದರೆ, ಕಾರಲ್ಲೂ ವಾಂತಿ ಮಾಡುವ ನಮ್ಮತ್ತೆ ನಿದ್ದೆ ಹೊಡೆದರು.

ಬೇಕಲ ಕೋಟೆಗೂ ಹೋಗೋಣ ಅಂತ ಹುಡುಗರ ಹಟ. ಕೇರಳದ ಪರ್ಮಿಟ್ಟು, ತೆರಿಗೆ ಜಾಸ್ತಿ ಆಗುತ್ತೆ ಅಂದರು. ಅಲ್ಲಿಗೇ ಬಿಟ್ಟೆವು. ಡ್ರೈವರಿಗೆ ಐದು ಸ್ಟಾರ್, ಆಫೀಸಿಗೆ ಎರಡು.